ಎಣಿಸಲಾಗದ ನಕ್ಷತ್ರಗಳು



ದೇವರು ಅಬ್ರಹಾಮನಿಗೆ ವಾಗ್ದಾನವಿತ್ತ ರಾತ್ರಿಯ ಸಂಗತಿಯನ್ನು ನೀವೆಲ್ಲರೂ ಬಲ್ಲಿರಿ. ಮಕ್ಕಳಿಲ್ಲದೆ ಮುಪ್ಪಿನತ್ತ ಸಾಗಿದ್ದ ಆ ಮನುಷ್ಯನ ಕೈಗೆ ದೇವರು ಯಾವ ಪತ್ರವನ್ನೂ ಕೊಡಲಿಲ್ಲ, ಯಾವ ಮುದ್ರೆಯನ್ನೂ ಒತ್ತಲಿಲ್ಲ. ಆತನನ್ನು ಹೊರಗೆ ಕರೆತಂದು ಆಕಾಶವನ್ನು ತೋರಿಸಿದರು. ಅಲ್ಲಿನ ನಕ್ಷತ್ರಗಳು ಹೇಗೆ ಎಣಿಕೆಗೆ ಸಿಗವೋ ಹಾಗೆಯೇ ಆತನ ಸಂತತಿಯೂ ಎಣಿಕೆಗೆ ಮೀರುವುದೆಂಬುದು ಆ ವಾಗ್ದಾನದ ತಿರುಳು. ಆದಿಕಾಂಡದ 15ನೇ ಅಧ್ಯಾಯದ ಈ ಪ್ರಸಂಗವನ್ನು ಓದುವಾಗ ನಾವು ಸಾಮಾನ್ಯವಾಗಿ ಗಮನಿಸದ ಸಂಗತಿಯೊಂದಿದೆ. ದೇವರ ಮಾತಿಗೆ ಅಂದು ಸಾಕ್ಷಿಯಾಗಿ ನಿಂತದ್ದು ನಿರ್ಮಲವಾದ ಆಕಾಶ. ಆ ರಾತ್ರಿ ಆಕಾಶ ಮಬ್ಬಾಗಿದ್ದು, ಅಲ್ಲೊಂದು ಇಲ್ಲೊಂದು ಚುಕ್ಕಿ ಮಾತ್ರ ಕಂಡಿದ್ದರೆ ಅಬ್ರಹಾಮನು ಏನೆಂದುಕೊಳ್ಳುತ್ತಿದ್ದನು?

ಇದು ಕೇವಲ ಕಲ್ಪನೆಯ ಪ್ರಶ್ನೆಯಲ್ಲ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ನಡುವಿನ ನಾಡು ಸುಣ್ಣಕಲ್ಲಿನ ನಾಡು. ಭೀಮಾ ನದಿಯ ಮತ್ತು ಅದರ ಉಪನದಿ ಕಾಗಿಣಾದ ಆಸುಪಾಸಿನ ಈ ಕಲ್ಲಿನ ಪದರಗಳೇ ಇಲ್ಲಿಗೆ ಸಿಮೆಂಟ್ ಕಾರ್ಖಾನೆಗಳನ್ನು ಕರೆತಂದವು. ಆದಿತ್ಯನಗರದಂತಹ ಕಾರ್ಮಿಕರ ವಸತಿಗಳನ್ನು ಬೆಳೆಸಿದವು. ಆದಿತ್ಯನೆಂದರೆ ಸೂರ್ಯ. ಹಗಲಿನ ಒಡೆಯನ ಹೆಸರು ಹೊತ್ತ ಈ ಊರಿನಲ್ಲಿ ಇರುಳಿನ ಚುಕ್ಕಿಗಳನ್ನು ಅರಸುವವನಿಗೆ ಚಳಿಗಾಲದ ಅನೇಕ ರಾತ್ರಿಗಳಲ್ಲಿ ಕಾಣುವುದು ಬೂದಿಬಣ್ಣದ ಮಬ್ಬು. ಸಮೀಪದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಎಣಿಸುವ ವಿದ್ಯೆಗೆ ಹೀಗೆ ಹೆಸರಾದ ನೆಲದಲ್ಲಿ ಇಂದು ಮಕ್ಕಳಿಗೆ ಆಕಾಶದ ಚುಕ್ಕಿಗಳನ್ನು ಎಣಿಸುವುದು ಕಷ್ಟವಾಗಿದೆ. ಅಬ್ರಹಾಮನಿಗೆ ಎಣಿಸಲಾಗದ್ದು ಅವು ಅಸಂಖ್ಯವಾಗಿದ್ದುದರಿಂದ. ಈ ಮಕ್ಕಳಿಗೆ ಎಣಿಸಲಾಗದಿರುವುದು ಅವು ಕಾಣದಿರುವುದರಿಂದ.

ದೂರದರ್ಶಕ ಹಿಡಿದ ಹವ್ಯಾಸಿ ಖಗೋಳ ವೀಕ್ಷಕರಿಗೆ ಈ ಸಂಕಟ ಚಿರಪರಿಚಿತ. ಮಳೆಗಾಲದ ನಾಲ್ಕು ತಿಂಗಳು ಮೋಡ ಮುಚ್ಚಿರುತ್ತದೆ. ಮೋಡ ಸರಿದ ಮೇಲೆ, ನೋಡಲು ತಕ್ಕ ಕಾಲ ಬಂತೆನ್ನುವಾಗ ಮಬ್ಬು ಆರಂಭವಾಗುತ್ತದೆ. ಚಳಿಗಾಲದ ರಾತ್ರಿಯಲ್ಲಿ ನೆಲ ಬೇಗ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ಅದರ ಮೇಲಿನ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕುಳಿತು ಹೊಗೆಧೂಳುಗಳನ್ನು ಮೇಲೇರಗೊಡುವುದಿಲ್ಲ. ಆ ಧೂಳಿನ ಮೇಲೆ ನಮ್ಮ ದೀಪಗಳ ಬೆಳಕು ಬಿದ್ದು ಚದರಿದಾಗ ಆಕಾಶವೇ ಮಂಕಾಗಿ ಹೊಳೆಯತೊಡಗುತ್ತದೆ. ದಿಗಂತದ ಬಳಿಯಂತೂ ಕಷ್ಟ ಹೆಚ್ಚು. ನೆತ್ತಿಯ ಮೇಲಿನ ನಕ್ಷತ್ರದ ಬೆಳಕು ದಾಟಬೇಕಾದ ಗಾಳಿಯ ಸುಮಾರು 38 ಪಟ್ಟು ಗಾಳಿಯನ್ನು ದಿಗಂತದಲ್ಲಿರುವ ನಕ್ಷತ್ರದ ಬೆಳಕು ದಾಟಬೇಕು. 2020ರ ಡಿಸೆಂಬರ್ 21ರ ಸಂಜೆ ಗುರು ಮತ್ತು ಶನಿ ಗ್ರಹಗಳು ಒಂದೇ ಚುಕ್ಕಿಯೋ ಎಂಬಷ್ಟು ಹತ್ತಿರ ಬಂದು, ಲೋಕದ ಅನೇಕರು ಅದನ್ನು ಕ್ರಿಸ್ಮಸ್ ನಕ್ಷತ್ರವೆಂದೇ ಕರೆದಾಗ, ಆ ನೋಟವಿದ್ದುದು ಸೂರ್ಯ ಮುಳುಗಿದ ನೈಋತ್ಯದಲ್ಲಿ, ಕೆಳಗಿನ ಆಕಾಶದಲ್ಲಿ. ಧೂಳಿನ ನಾಡಿನವರಿಗೆ ಅದಕ್ಕಿಂತ ಕಷ್ಟದ ತಾಣ ಇನ್ನಾವುದು?

ಇಲ್ಲಿ ಒಂದು ಲೆಕ್ಕವನ್ನು ನಿಮ್ಮ ಮುಂದಿಡಬಯಸುತ್ತೇನೆ. ಕೃತ್ತಿಕೆಯ ಗುಂಪು ನಮ್ಮಿಂದ ಸುಮಾರು 440 ಜ್ಯೋತಿರ್ವರ್ಷಗಳಾಚೆ ಇದೆ. ಇಂದು ರಾತ್ರಿ ನಮ್ಮನ್ನು ತಲುಪುವ ಅದರ ಬೆಳಕು ಹೊರಟಾಗ ದಕ್ಷಿಣದಲ್ಲಿ ವಿಜಯನಗರದ ಅರಸರು ಇನ್ನೂ ಆಳುತ್ತಿದ್ದರು. ಅಂದಿನಿಂದ ಅದು ಎಲ್ಲಿಯೂ ನಿಲ್ಲದೆ, ದಾರಿ ತಪ್ಪದೆ ಬಂದಿದೆ. ಕೊನೆಗೆ ನಮ್ಮ ಮಾಳಿಗೆಯ ಮೇಲಿನ ಒಂದೆರಡು ಕಿಲೋಮೀಟರ್ ಗಾಳಿಯನ್ನು ದಾಟಲು ಅದಕ್ಕೆ ಒಂದು ಸೆಕೆಂಡಿನ ಲಕ್ಷದಲ್ಲೊಂದು ಭಾಗವೂ ಬೇಕಿಲ್ಲ. ಅಷ್ಟು ಶತಮಾನಗಳ ಪ್ರಯಾಣ ವ್ಯರ್ಥವಾಗುವುದು ಈ ಕಟ್ಟಕಡೆಯ ಹೆಜ್ಜೆಯಲ್ಲಿ. ತಡೆ ಇರುವುದು ದೂರದಲ್ಲಲ್ಲ, ನಮ್ಮ ತಲೆಯ ಮೇಲೆಯೇ. ಅದರ ಬಹುಭಾಗ ನಾವೇ ಎಬ್ಬಿಸಿದ್ದು. ಆದುದರಿಂದ ಇದು ಖಗೋಳಶಾಸ್ತ್ರದ ಪ್ರಶ್ನೆಯಾಗಿ ಉಳಿಯದೆ ನೀತಿಯ ಪ್ರಶ್ನೆಯಾಗುತ್ತದೆ. ಕಾಣದೆ ಹೋದ ನಕ್ಷತ್ರಕ್ಕೆ ಯಾರು ಹೊಣೆ? ಮತ್ತು ಅದು ಕಾಣದೆ ಹೋದುದರಿಂದ ಯಾರಿಗಾದರೂ ಅನ್ಯಾಯವಾಗಿದೆಯೇ?

ಇದಕ್ಕೆ ಎರಡು ಸುಲಭದ ಉತ್ತರಗಳಿವೆ. ಮೊದಲನೆಯದು ಹೊಟ್ಟೆಯ ಉತ್ತರ. ಹಸಿದವನಿಗೆ ನಕ್ಷತ್ರದಿಂದೇನು? ಮಳೆಯನ್ನೇ ನಂಬಿದ ತೊಗರಿಯ ಹೊಲ ಕೈಕೊಟ್ಟ ವರ್ಷ ಮನೆಯ ಒಲೆ ಉರಿದದ್ದು ಕಾರ್ಖಾನೆಯ ಸಂಬಳದಿಂದ, ಗಣಿಯ ಕೂಲಿಯಿಂದ. ಮಕ್ಕಳ ಶಾಲೆಯ ಶುಲ್ಕವೂ ಮಗಳ ಮದುವೆಯ ಖರ್ಚೂ ಆ ಧೂಳಿನಿಂದಲೇ ಬಂದವು. ಆಕಾಶ ನೋಡುವುದು ಬಿಡುವಿದ್ದವರ ಶೋಕಿ ಎಂದು ಈ ಉತ್ತರ ಹೇಳುತ್ತದೆ. ಇದನ್ನು ಹಗುರವಾಗಿ ತಳ್ಳಿಹಾಕುವುದು ಸಲ್ಲದು. ದುಡಿಮೆಯ ಘನತೆಯನ್ನು ಬಡಗಿಯ ಮನೆಯಲ್ಲಿ ಬೆಳೆದ ಪ್ರಭುವಿನಿಂದಲೇ ಕಲಿತವರು ನಾವು. ಅನ್ನ ಕೊಟ್ಟ ಕೈಯನ್ನು ದೂರುವುದು ಕ್ರೈಸ್ತನಿಗೆ ತಕ್ಕುದಲ್ಲ.

ಆದರೆ ಈ ಉತ್ತರ ಒಂದು ಸತ್ಯವನ್ನು ಮರೆಯುತ್ತದೆ. ಬೆಳಕನ್ನು ಅತಿ ಹೆಚ್ಚು ಚದುರಿಸುವುದು ಕಣ್ಣಿಗೆ ಕಾಣುವ ದಪ್ಪ ಧೂಳಲ್ಲ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಿರಿದಾದ ಕಣಗಳು. ಮೂಗಿನ ಕೂದಲಿಗೂ ಗಂಟಲಿಗೂ ಸಿಕ್ಕದೆ ಶ್ವಾಸಕೋಶದ ಆಳಕ್ಕಿಳಿಯುವುದೂ ಅಂತಹ ಕಣಗಳೇ. ಕೃತ್ತಿಕೆಯನ್ನು ಮರೆಸುವ ಮಬ್ಬೂ ಮಗುವಿನ ಎದೆಯಲ್ಲಿ ಉಬ್ಬಸವಾಗಿ ನಿಲ್ಲುವ ಮಬ್ಬೂ ಒಂದೇ ಮಬ್ಬು. ಇಂತಹ ಸೂಕ್ಷ್ಮ ಕಣಗಳು ಒಂದು ಘನಮೀಟರ್ ಗಾಳಿಯಲ್ಲಿ ವರ್ಷದ ಸರಾಸರಿಯಾಗಿ 40 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ದೇಶ 2009ರಲ್ಲಿ ನಿಗದಿಪಡಿಸಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಆ ಮಿತಿಯನ್ನು 5ಕ್ಕೆ ಇಳಿಸಿ ಎಚ್ಚರಿಸಿತು. ಈ ಅಂಕೆಗಳು ಗಣಿಕಾರ್ಮಿಕನ ಮನೆಗೆ ತಲುಪುವುದಿಲ್ಲ. ಆದರೆ ನಕ್ಷತ್ರ ಕಾಣುತ್ತದೆಯೋ ಇಲ್ಲವೋ ಎಂಬುದನ್ನು ಅವನ ಮಗಳೂ ಹೇಳಬಲ್ಲಳು. ಹೀಗಿರುವಾಗ ಚುಕ್ಕಿ ಕಾಣುತ್ತಿಲ್ಲವೆಂಬ ಹವ್ಯಾಸಿಯ ಗೊಣಗಾಟ ಶೋಕಿಯ ಮಾತಲ್ಲ. ಅದು ಮನೆಯಲ್ಲಿ ಹೊಗೆಯ ವಾಸನೆಯನ್ನು ಮೊದಲು ಗುರುತಿಸಿದವನ ಕೂಗು. ಅನ್ನವನ್ನೂ ಆಕಾಶವನ್ನೂ ಎದುರುಬದುರು ನಿಲ್ಲಿಸಿ ಒಂದನ್ನು ಆರಿಸಿಕೊಳ್ಳೆಂದು ಹೇಳುವವರು, ಉಸಿರನ್ನು ಯಾವ ತಟ್ಟೆಯಲ್ಲಿಡುವರು?

ಎರಡನೆಯ ಉತ್ತರ ಹೆಚ್ಚು ಭಕ್ತಿಯುತವಾಗಿ ಕೇಳಿಸುತ್ತದೆ. ಮಬ್ಬಿನಾಚೆ ನಕ್ಷತ್ರ ಇದ್ದೇ ಇದೆ; ಕಾಣದಿದ್ದರೂ ನಂಬುವುದೇ ವಿಶ್ವಾಸವಲ್ಲವೇ ಎಂದು ಅದು ಕೇಳುತ್ತದೆ. ಸಂಕಟದಲ್ಲಿರುವವನಿಗೆ ಈ ಮಾತು ನಿಜವಾದ ಸಾಂತ್ವನ. ರೋಗಶಯ್ಯೆಯಲ್ಲಿ ದೇವರ ಮುಖ ಮರೆಯಾದಂತೆ ತೋರಿದಾಗ ನಮ್ಮನ್ನು ಹಿಡಿದು ನಿಲ್ಲಿಸುವುದು ಇದೇ ನಂಬಿಕೆ. ಆದರೆ ಆ ಮರೆಯನ್ನು ಕಟ್ಟಿದವರು ನಾವೇ ಆಗಿರುವಾಗ ಇದೇ ಮಾತು ಸೋಮಾರಿತನದ ಹೊದಿಕೆಯಾಗುತ್ತದೆ. ಕಿಟಕಿಗೆ ಮಣ್ಣು ಮೆತ್ತಿ, ಒಳಗೆ ಕುಳಿತವನಿಗೆ ಸೂರ್ಯನಲ್ಲಿ ವಿಶ್ವಾಸವಿಡೆಂದು ಬೋಧಿಸುವುದು ಧರ್ಮವಲ್ಲ. ಮತ್ತಾಯನ ಶುಭಸಂದೇಶದ ಜ್ಞಾನಿಗಳನ್ನು ನೆನೆಯಿರಿ. ಅವರು ಜೆರುಸಲೇಮಿಗೆ ಬಂದಾಗ ದಾರಿಯನ್ನು ಜನರಲ್ಲಿ ವಿಚಾರಿಸಬೇಕಾಯಿತು. ನಕ್ಷತ್ರ ಮತ್ತೆ ಅವರ ಮುಂದೆ ಕಾಣಿಸಿಕೊಂಡದ್ದು ಅಲ್ಲಿಂದ ಹೊರಟ ಮೇಲೆ. ನಡುವಿನ ಹೊತ್ತಿನಲ್ಲಿ ಅವರು, ನಕ್ಷತ್ರ ಎಲ್ಲಿಯೋ ಇದ್ದೇ ಇದೆಯೆಂದು ಛತ್ರದಲ್ಲಿ ಮಲಗಲಿಲ್ಲ; ಹಿಂದಿರುಗಿ ಹೋಗಲೂ ಇಲ್ಲ. ವಿಚಾರಿಸಿದರು, ಎದ್ದರು, ನಡೆದರು. ಅದನ್ನು ಮತ್ತೆ ಕಂಡಾಗ ಅವರಿಗಾದ ಆನಂದವನ್ನು ಶುಭಸಂದೇಶಕರ್ತರು ಮರೆಯದೆ ದಾಖಲಿಸಿದ್ದಾರೆ. ನಂಬಿದವರಿಗೂ ಕಾಣುವುದರಲ್ಲಿ ಆನಂದವಿದೆ.

ಧರ್ಮಸಭೆಯೂ ಕಾಣುವುದನ್ನು ಕಡೆಗಣಿಸಿದ್ದಿಲ್ಲ. 1689ರ ಡಿಸೆಂಬರಿನಲ್ಲಿ ಪುದುಚೇರಿಯಲ್ಲಿದ್ದ ಯೇಸುಸಭೆಯ ಗುರು ಜೀನ್ ರಿಶೋ, ಧೂಮಕೇತುವೊಂದನ್ನು ನೋಡುತ್ತಿದ್ದಾಗ, ದಕ್ಷಿಣದ ಆಲ್ಫಾ ಸೆಂಟಾರಿ ಒಂದಲ್ಲ, ಎರಡು ನಕ್ಷತ್ರಗಳ ಜೋಡಿ ಎಂಬುದನ್ನು ದೂರದರ್ಶಕದಿಂದ ಕಂಡುಕೊಂಡರು. ಅದೇ ನಕ್ಷತ್ರ ಸೇಡಂನಿಂದ ನೋಡುವವರಿಗೆ ದಕ್ಷಿಣ ದಿಗಂತದಿಂದ ಸುಮಾರು 12 ಡಿಗ್ರಿಯಷ್ಟೇ ಮೇಲೇರುತ್ತದೆ. ಬೇಸಿಗೆಯ ಧೂಳು ಇಳಿಯದ ರಾತ್ರಿ ಅದು ಕಂಡರೆ ಭಾಗ್ಯ. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು ವ್ಯಾಟಿಕನ್ ವೀಕ್ಷಣಾಲಯವನ್ನು ಪುನಃಸ್ಥಾಪಿಸಿದರು. ರೋಮ್ ನಗರದ ದೀಪಗಳು ಹೆಚ್ಚಿ ಆಕಾಶ ಮಂಕಾದಾಗ, 1930ರ ದಶಕದಲ್ಲಿ ಅದನ್ನು ಕಾಸ್ಟೆಲ್ ಗಾಂಡೊಲ್ಫೋಗೆ ಸಾಗಿಸಲಾಯಿತು. ಅಲ್ಲಿಗೂ ನಗರದ ಬೆಳಕು ಹಬ್ಬಿದ ಮೇಲೆ ಹೊಸ ದೂರದರ್ಶಕವನ್ನು ಅಮೆರಿಕದ ಅರಿಜೋನಾದ ಬೆಟ್ಟವೊಂದರ ಮೇಲೆ ಕಟ್ಟಿ 1993ರಲ್ಲಿ ಉದ್ಘಾಟಿಸಲಾಯಿತು.

ಇಲ್ಲಿಯೇ ನಮ್ಮ ಪ್ರಶ್ನೆಯ ಮರ್ಮವಿದೆ. ವೀಕ್ಷಣಾಲಯವನ್ನು ಬೆಟ್ಟಕ್ಕೆ ಸಾಗಿಸಬಹುದು. ಬೆಂಗಳೂರಿನ ಹವ್ಯಾಸಿ ವಾಹನವೇರಿ ನಗರದಿಂದ ದೂರದ ಹಳ್ಳಿಯ ಬಯಲಿಗೆ ಹೋಗಿ ಬರಬಹುದು. ಆದಿತ್ಯನಗರದ ಶಿಕ್ಷಕರು ಒಂದು ರಾತ್ರಿ ಮಕ್ಕಳನ್ನು ಚಿಂಚೋಳಿಯ ಕಾಡಿನಂಚಿಗೆ ಕರೆದೊಯ್ಯಲೂಬಹುದು. ಆದರೆ ಗಣಿಯಂಚಿನ ಗುಡಿಸಲಿನಲ್ಲಿ ಹುಟ್ಟಿದ ಮಗು ಎಲ್ಲಿಗೆ ಹೋದೀತು? ನೀರು, ನೆಲ, ಕಾಡು ಇವನ್ನೆಲ್ಲ ಉಳ್ಳವರು ಬೇಲಿ ಹಾಕಿ ತಮ್ಮದಾಗಿಸಿಕೊಂಡರು. ಬಡವನಿಗೆ ಬೇಲಿಯಿಲ್ಲದೆ ಉಳಿದ ಸಂಪತ್ತು ಆಕಾಶವೊಂದೇ ಆಗಿತ್ತು. ಅದೂ ಪ್ರಯಾಣದ ಖರ್ಚು ಕೊಡಬಲ್ಲವರ ಪಾಲಾದರೆ ಅದನ್ನು ಅನ್ಯಾಯವೆನ್ನದೆ ಏನೆನ್ನಬೇಕು? ಸೃಷ್ಟಿಯ ಗೋಳನ್ನೂ ಬಡವರ ಗೋಳನ್ನೂ ಬೇರ್ಪಡಿಸಬಾರದೆಂದು ಜಗದ್ಗುರು ಫ್ರಾನ್ಸಿಸ್ ಅವರು 2015ರಲ್ಲಿ 'ಲೌದಾತೋ ಸಿ' ಎಂಬ ವಿಶ್ವಪತ್ರದಲ್ಲಿ ಬೋಧಿಸಿದ್ದು ಇಂತಹ ಊರುಗಳಲ್ಲಿ ಚೆನ್ನಾಗಿ ಅರ್ಥವಾಗುತ್ತದೆ.

ಹಾಗಾದರೆ ಹೊಣೆ ಯಾರದು? ಕಾರ್ಖಾನೆಯದೆಂದು ಹೇಳಿ ಕೈತೊಳೆದುಕೊಳ್ಳುವುದು ಪಿಲಾತನ ದಾರಿ. ಧೂಳನ್ನು ವಿದ್ಯುತ್ ಬಲದಿಂದ ಸೆಳೆದು ಹಿಡಿಯುವ ಯಂತ್ರಗಳೂ ಚೀಲದ ಸೋಸುಕಗಳೂ ಇವೆ. ಅವು ಹಗಲಿರುಳೂ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವುದು ಉದ್ಯಮದ ಮತ್ತು ಸರ್ಕಾರದ ಕರ್ತವ್ಯ, ಅದರಲ್ಲಿ ರಿಯಾಯಿತಿಯಿಲ್ಲ. ಆದರೆ ಸುಣ್ಣಕಲ್ಲನ್ನು ಪುಡಿಮಾಡಿ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಡುವುದು ಯಾರಿಗಾಗಿ? ನೀವು ಈ ಪತ್ರಿಕೆಯನ್ನು ಓದುತ್ತಿರುವ ಮನೆಯ ತಾರಸಿ ಸಿಮೆಂಟಿನದು. ನೀವು ಬಲಿಪೂಜೆಯಲ್ಲಿ ಮೊಣಕಾಲೂರುವ ನೆಲ ಶಹಾಬಾದ್ ಕಲ್ಲಿನದಿರಬಹುದು. ನಮ್ಮ ಮನೆ, ಶಾಲೆ, ದೇವಾಲಯಗಳ ನೆಮ್ಮದಿಯ ಬೆಲೆಯ ಒಂದು ಪಾಲನ್ನು ಈ ಸೀಮೆಯ ಜನ ತಮ್ಮ ಆಕಾಶದಿಂದ, ತಮ್ಮ ಉಸಿರಿನಿಂದ ತೆತ್ತಿದ್ದಾರೆ. ಅಂಗಡಿಯ ರಸೀದಿಯಲ್ಲಿ ಆ ಪಾಲು ನಮೂದಾಗಿರುವುದಿಲ್ಲ. ನಮೂದಾಗದ ಸಾಲವೂ ಸಾಲವೇ.

ಇನ್ನು ನಮ್ಮ ಅಂಗಳವನ್ನೇ ನೋಡಿಕೊಳ್ಳೋಣ. ಬೀದಿಯ ಕಸವನ್ನೂ ಪ್ಲಾಸ್ಟಿಕ್ಕನ್ನೂ ಸಂಜೆ ಗುಡ್ಡೆ ಹಾಕಿ ಸುಡುವವರು ನಾವು. ಕಟಾವಾದ ಹೊಲದ ಕೂಳೆಗೆ ಬೆಂಕಿಯಿಡುವವರು ನಾವು. ಕ್ರಿಸ್ತಜಯಂತಿ ಬಂತೆಂದರೆ ದೇವಾಲಯದ ಗೋಪುರಕ್ಕೆ ಕೆಳಗಿನಿಂದ ಪ್ರಖರ ದೀಪ ಹಾಯಿಸಿ, ಮನೆಮನೆಯ ಮೇಲೆ ಕಾಗದದ ನಕ್ಷತ್ರಕ್ಕೆ ಬೆಳಗಿನವರೆಗೂ ದೀಪ ಉರಿಸುತ್ತೇವೆ. ಅದು ಸುಂದರವಾದ ಪದ್ಧತಿ, ಅದನ್ನು ಬಿಡಬೇಕಾಗಿಲ್ಲ. ಆದರೆ ನಾವು ಕಟ್ಟಿದ ನಕ್ಷತ್ರದ ಬೆಳಕಿನಲ್ಲಿ ದೇವರು ಇಟ್ಟ ನಕ್ಷತ್ರಗಳು ಮುಳುಗಿಹೋಗುವುದಾದರೆ ಮಕ್ಕಳಿಗೆ ನಾವು ಏನನ್ನು ತೋರಿಸಿದಂತಾಯಿತು?

ಆದುದರಿಂದ ಒಂದು ಸಣ್ಣ ಕೆಲಸವನ್ನು ಕೈಗೊಳ್ಳಬೇಕೆಂದು ಧರ್ಮಕೇಂದ್ರದ ಕುಟುಂಬಗಳಲ್ಲಿ ನನ್ನ ವಿನಂತಿ. ಈ ಚಳಿಗಾಲದಲ್ಲಿ, ಚಂದ್ರನಿಲ್ಲದ ರಾತ್ರಿ, ಮನೆಯ ದೀಪಗಳನ್ನೆಲ್ಲ ಆರಿಸಿ ಮಕ್ಕಳೊಡನೆ ಮಾಳಿಗೆಗೆ ಹೋಗಿ. ಕಣ್ಣು ಕತ್ತಲೆಗೆ ಒಗ್ಗಲು ಕಾಲು ಗಂಟೆ ಸುಮ್ಮನಿರಿ. ಬೇಕಿದ್ದರೆ ಒಂದು ಜಪಮಾಲೆ ಪ್ರಾರ್ಥಿಸಿ. ಆಮೇಲೆ ಕೃತ್ತಿಕೆಯನ್ನು ಹುಡುಕಿ ಅದರಲ್ಲಿ ಎಷ್ಟು ಚುಕ್ಕಿ ಕಾಣುತ್ತವೆಂದು ಮಕ್ಕಳಿಂದ ಎಣಿಸಿ. ಒಳ್ಳೆಯ ಆಕಾಶದಲ್ಲಿ ಸಾಮಾನ್ಯ ಕಣ್ಣಿಗೆ ಆರು ಕಾಣುತ್ತವೆ. ಕಂಡ ಸಂಖ್ಯೆಯನ್ನು ದಿನಾಂಕದೊಡನೆ ಒಂದು ಪುಸ್ತಕದಲ್ಲಿ ಬರೆದಿಡಿ. ನಾಲ್ಕು ಮನೆಯವರು ನಾಲ್ಕು ವರ್ಷ ಬರೆದರೆ, ಅದು ಗ್ರಾಮಸಭೆಯ ಮುಂದೆಯೂ ಅಧಿಕಾರಿಗಳ ಮುಂದೆಯೂ ಇಡಬಹುದಾದ ಸಾಕ್ಷಿಯಾಗುತ್ತದೆ. ಗಾಳಿಯನ್ನು ಅಳೆಯುವ ಯಂತ್ರ ಬೇಕೆಂದು ಕೇಳುವವನ ಕೈಯಲ್ಲಿ ಇಂತಹ ಪುಸ್ತಕವೊಂದು ಇದ್ದರೆ ಅವನ ಮಾತಿಗೆ ತೂಕ ಬರುತ್ತದೆ.

ಮೊದಲ ರಾತ್ರಿ ಎರಡೇ ಕಂಡರೆ ಎರಡು ಎಂದೇ ಬರೆಯಿರಿ. ಒಂದೂ ಕಾಣದಿದ್ದರೆ ಸೊನ್ನೆ ಎಂದು ಬರೆಯಿರಿ. ಉಳಿದವು ಎಲ್ಲಿ ಹೋದವೆಂದು ಮಗು ಕೇಳಿದಾಗ, ಅವು ಎಲ್ಲಿಯೂ ಹೋಗಿಲ್ಲ, ನಡುವೆ ನಾವಿದ್ದೇವೆ ಎಂಬ ನಿಜವನ್ನು ಹೇಳಲು ಹಿಂಜರಿಯಬೇಡಿ.