ಮೊದಲು ಕಲಿಯಬೇಕಾದವರು ಯಾರು?

ಕೊಡಗಿನ ಬಾಳೆಲೆಯ ಸುತ್ತಮುತ್ತ ಶಾಲೆಗೆ ಸೇರುವ ಮಗುವಿನ ಕಿವಿಯ ಮೇಲೆ ಅಷ್ಟರಲ್ಲಾಗಲೇ ಮೂರು ನಾಲ್ಕು ಭಾಷೆಗಳು ಬಿದ್ದಿರುತ್ತವೆ. ತೋಟದ ಯಜಮಾನರ ಮನೆಯಲ್ಲಿ ಕೊಡವ ತಕ್ಕ್, ಪೇಟೆಯ ಅಂಗಡಿಯಲ್ಲಿ ಮಲಯಾಳ, ಪಂಚಾಯಿತಿಯಲ್ಲಿ ಕನ್ನಡ, ನಾಗರಹೊಳೆ ಕಾಡಂಚಿನ ಹಾಡಿಯಲ್ಲಿ ಕುರುಬರ ನುಡಿ, ಕಾಫಿ ತೋಟದ ಲೈನ್‌ಮನೆಯಲ್ಲಿ ಯರವರ ಮಾತು. ಲೈನ್‌ಮನೆಯಿಂದ ಬಂದ ಯರವ ಮಗುವಿಗೆ ಒಂದನೇ ತರಗತಿಯ ಕನ್ನಡ ಪರಭಾಷೆಯೇ. ಅದು ಪ್ರಥಮ ಭಾಷೆಯಾಗಿರುವುದು ಪಠ್ಯಕ್ರಮದಲ್ಲಿ ಮಾತ್ರ.

ಪರಭಾಷೆಯ ಕೋರ್ಸು ರೂಪಿಸುವವರು ಸಾಮಾನ್ಯವಾಗಿ ಕೇಳಿಕೊಳ್ಳುವುದು ಎಷ್ಟು ಗಂಟೆ, ಯಾವ ಪುಸ್ತಕ, ಎಂಥ ಪರೀಕ್ಷೆ ಎಂದು. ಅದಕ್ಕೂ ಮೊದಲಿನ ಪ್ರಶ್ನೆಯೊಂದಿದೆ: ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದಿದ್ದಾಗ ಕಲಿಯುವ ಕಷ್ಟ ಮೊದಲು ಯಾರ ಪಾಲಿಗೆ ಬರಬೇಕು? ಹೇಳುವವರ ಪಾಲಿಗೋ, ಕೇಳುವವರ ಪಾಲಿಗೋ? ಇದು ಬೋಧನಶಾಸ್ತ್ರಕ್ಕಿಂತ ಮೊದಲು ಧರ್ಮದ ಪ್ರಶ್ನೆ. ಧರ್ಮಗಳು ಇದನ್ನು ಬಹಳ ಹಿಂದೆಯೇ ಎದುರಿಸಿವೆ.

ವಿನಯಪಿಟಕದ ಚುಲ್ಲವಗ್ಗದಲ್ಲಿ ಒಂದು ಪ್ರಸಂಗ ಬರುತ್ತದೆ. ಬ್ರಾಹ್ಮಣ ಕುಲದಿಂದ ಬಂದ ಇಬ್ಬರು ಸೋದರ ಭಿಕ್ಷುಗಳು ಬುದ್ಧನ ಮುಂದೆ ದೂರು ಒಯ್ಯುತ್ತಾರೆ. ನಾನಾ ಕುಲಗಳಿಂದ ಬಂದವರು ತಂತಮ್ಮ ಮಾತಿನಲ್ಲಿ ಬುದ್ಧವಚನ ಹೇಳಿ ಕೆಡಿಸುತ್ತಿದ್ದಾರೆ, ಅದನ್ನು ಛಂದಸ್ಸಿಗೆ ಅಳವಡಿಸೋಣ ಎನ್ನುತ್ತಾರೆ. ಬುದ್ಧ ಅವರನ್ನು ಗದರಿಸುತ್ತಾನೆ; ವಚನವನ್ನು ಸ್ವಂತ ನುಡಿಯಲ್ಲೇ ಕಲಿಯಲಿ ಎಂದು ಅಪ್ಪಣೆ ಕೊಡುತ್ತಾನೆ. ಆ ಸ್ವಂತ ನುಡಿ ಯಾರದು ಎಂಬುದರ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಅದು ಬುದ್ಧನ ಮಾಗಧಿ ಎಂದು ಅಟ್ಟಕಥೆಯ ವ್ಯಾಖ್ಯಾನಕಾರ ಬುದ್ಧಘೋಷ ಬರೆದ. ಕಲಿಯುವವರ ನುಡಿ ಎಂದು ಅನೇಕ ಆಧುನಿಕ ವಿದ್ವಾಂಸರು ಓದುತ್ತಾರೆ. ದೂರು ತಂದವರ ಹಿನ್ನೆಲೆ ನೋಡಿದರೆ ಎರಡನೆಯ ಓದೇ ಸರಿಯೆನಿಸುತ್ತದೆ. ಟಿಬೆಟ್ ಕೂಡ ಅದೇ ದಾರಿ ಹಿಡಿಯಿತು. ಭಾರತದ ಪಂಡಿತರೂ ಟಿಬೆಟ್‌ನ ಲೋತ್ಸಾವರೆಂಬ ಅನುವಾದಕರೂ ಜೊತೆಗೆ ಕೂತು ಗ್ರಂಥಗಳನ್ನು ಟಿಬೆಟನ್ನಿಗೆ ತಂದರು. ಒಂಬತ್ತನೆಯ ಶತಮಾನದ ಆರಂಭದಲ್ಲಿ ‘ಮಹಾವ್ಯುತ್ಪತ್ತಿ’ ಎಂಬ ಸಂಸ್ಕೃತ–ಟಿಬೆಟನ್ ಕೋಶವೇ ಸಿದ್ಧವಾಯಿತು. ಆ ಪರಂಪರೆಯ ಮಠಗಳು ಈಗ ಬೈಲಕುಪ್ಪೆಯಲ್ಲೂ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಇವೆ. ಬಾಳೆಲೆಯವರಿಗೆ ನೆರೆಕರೆಯೇ ಸರಿ.

ಕೊಡಗಿನಲ್ಲೇ ಇನ್ನೊಂದು ಉದಾಹರಣೆಯಿದೆ. 1834ರಲ್ಲಿ ಮಂಗಳೂರಿಗೆ ಕಾಲಿಟ್ಟ ಬಾಸೆಲ್ ಮಿಷನ್, ತನ್ನ ಪಾದ್ರಿಗಳು ಮೊದಲು ಊರ ಭಾಷೆ ಕಲಿಯಬೇಕೆಂದು ಬಯಸಿತು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ, ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚು ಹಾಕಿಸಿದ, 1853ರಲ್ಲಿ ಕೊಡಗಿಗೆ ಬಂದ. ಅವನ ಉದ್ದೇಶ ಮತಾಂತರವೇ ಆಗಿತ್ತು, ಅದನ್ನು ಮರೆಮಾಚಬೇಕಿಲ್ಲ. ಆದರೂ ತಾನು ಬದಲಿಸಲು ಬಂದ ಜನರ ಭಕ್ತಿಸಾಹಿತ್ಯವನ್ನು ಅವನೇ ಕಾಪಾಡಿದ. ಭಾಷೆಯನ್ನು ವರ್ಷಗಟ್ಟಲೆ ಶ್ರದ್ಧೆಯಿಂದ ಕಲಿತವನನ್ನು ಆ ಭಾಷೆ ಹಾಗೇ ಬಿಡುವುದಿಲ್ಲ.

ಬೋಧಿಸಲು ಬಂದವರು ಆಗ ತಾವೇ ವಿದ್ಯಾರ್ಥಿಗಳಾದರು. ಇಂದಿನ ಸರ್ಕಾರಿ ಶಾಲೆಯಲ್ಲಿ ಆ ಭಾರವನ್ನೆಲ್ಲ ಆರು ವರ್ಷದ ಮಗು ಹೊರುತ್ತದೆ.

ಹಾಗೆಂದು ನಮ್ಮ ಪಾಠಕ್ರಮ ಕಳಪೆಯೇನಲ್ಲ. ಕಾಡಿನ ಆಚೆ ಬದಿಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಹುಟ್ಟಿದ ನಲಿ-ಕಲಿ ನಿಜಕ್ಕೂ ಸೊಗಸಾದ ಯೋಜನೆ. ಅ, ಆ, ಇ ಎಂದು ಹೊರಡದೆ ರ, ಗ, ಸ, ದ, ಅ ಎಂದು ಶುರುಮಾಡಿ, ನಾಲ್ಕೈದು ಅಕ್ಷರ ಬಂದ ಕೂಡಲೇ ‘ಗರಗಸ’, ‘ಅರಸ’ ಓದಿಸುತ್ತದೆ. ಮನೆಯಲ್ಲಿ ಕನ್ನಡ ಕೇಳಿದ ಮಗು ಓದುತ್ತಲೇ ಹಿಗ್ಗುತ್ತದೆ. ಕಿವಿಗೆ ಗೊತ್ತಿದ್ದದ್ದು ಕಣ್ಣಿಗೂ ಸಿಕ್ಕಿತಲ್ಲ! ಮನೆಯಲ್ಲಿ ಕನ್ನಡವೇ ಇಲ್ಲದ ಮಗು ಅದೇ ಕಾರ್ಡು ಹಿಡಿದು ಅಕ್ಷರ ಕೂಡಿಸುತ್ತದೆ, ಸರಿಯಾಗಿಯೇ ಉಚ್ಚರಿಸುತ್ತದೆ, ಅರ್ಥಕ್ಕಾಗಿ ಮೇಷ್ಟರ ಮುಖ ನೋಡುತ್ತದೆ. ಮೇಷ್ಟರಿಗೆ ಯರವ ಮಾತು ಬಾರದಿದ್ದರೆ ವಿವರಣೆಯೂ ಕನ್ನಡದಲ್ಲೇ. ಅಂಥ ಮಗು ಮಂಕು ಎನಿಸಿಕೊಳ್ಳುವುದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಮೇಷ್ಟರಿಗೆ ಭಾಷೆ ಕಲಿಸುವ ಏರ್ಪಾಡು ನಮಗೆ ಹೊಸದೇನೂ ಅಲ್ಲ. ಮೈಸೂರಿನಲ್ಲಿ 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನದ ಪ್ರಾದೇಶಿಕ ಕೇಂದ್ರದಲ್ಲಿ ಬೇರೆ ರಾಜ್ಯಗಳ ಶಿಕ್ಷಕರು ನಿಯೋಜನೆಯ ಮೇಲೆ ಬಂದು ಹತ್ತು ತಿಂಗಳು ಕನ್ನಡ, ತಮಿಳು, ತೆಲುಗು, ಮಲಯಾಳ ಕಲಿತಿದ್ದಾರೆ. ಹಿಂದಿಯ ಮೇಷ್ಟರು ಹತ್ತು ತಿಂಗಳಲ್ಲಿ ಕನ್ನಡ ಕಲಿಯಬಲ್ಲರಾದರೆ, ಕನ್ನಡದ ಮೇಷ್ಟರು ಬಾಳೆಲೆಗೆ ಬರುವ ಮುನ್ನ ಒಂದೆರಡು ತಿಂಗಳು ಯರವ ಮಾತು ಕಲಿಯುವುದು ಅಸಾಧ್ಯವೇನಲ್ಲ. ಗಡಿಯಾಚೆಯ ವಯನಾಡು ಇನ್ನೊಂದು ದಾರಿ ಹಿಡಿದಿದೆ. ಅಲ್ಲಿ ‘ಗೋತ್ರಬಂಧು’ ಯೋಜನೆಯಡಿ 2017ರಿಂದ ಬುಡಕಟ್ಟಿನ ವಿದ್ಯಾವಂತ ಯುವಕ ಯುವತಿಯರನ್ನೇ ಪ್ರಾಥಮಿಕ ಶಾಲೆಗಳಲ್ಲಿ ಮಾರ್ಗದರ್ಶಿ ಶಿಕ್ಷಕರಾಗಿ ನೇಮಿಸಿದರು.

ಒಂದೇ ಕೊಠಡಿಯಲ್ಲಿ ಕೊಡವ, ಮಲಯಾಳಿ, ಕುರುಬ, ಯರವ ಮಕ್ಕಳಿರುವಾಗ ಮೇಷ್ಟರು ಯಾರ ಭಾಷೆ ಕಲಿಯಬೇಕು ಎಂಬ ಆಕ್ಷೇಪ ಬರುತ್ತದೆ. ಅದು ನ್ಯಾಯವಾದ ಆಕ್ಷೇಪ. ಪಂಜಿರಿ ಯರವರ ಮಾತೂ ಪಣಿ ಯರವರ ಮಾತೂ ಒಂದೇ ಅಲ್ಲ ಎಂಬುದನ್ನೂ ಅದಕ್ಕೆ ಸೇರಿಸಬಹುದು. ಎಲ್ಲವನ್ನೂ ಕಲಿಯಿರಿ ಎಂದು ಯಾರೂ ಹೇಳುವುದಿಲ್ಲ. ಶಾಲೆಯ ಕನ್ನಡಕ್ಕೆ ಅತಿ ದೂರದಲ್ಲಿರುವ ಮಕ್ಕಳ ನುಡಿಯಿಂದ ಶುರುಮಾಡಿದರೆ ಸಾಕು. ಹೆತ್ತವರಿಗೆ ಬೇಕಿರುವುದು ಕನ್ನಡ, ಇಂಗ್ಲಿಷು ಎಂಬುದೂ ನಿಜ. ಮೇಷ್ಟರಿಗೆ ಮಗುವಿನ ಮಾತು ಗೊತ್ತಿದ್ದರೆ ಆ ಎರಡನ್ನೂ ಬೇಗ ಕಲಿಸಬಹುದು.

ಇಂಥ ಕೋರ್ಸಿಗೆ ಪಠ್ಯಪುಸ್ತಕಕ್ಕಿಂತ ಮೊದಲು ಗುರು ಬೇಕು. ಆ ಗುರು ಲೈನ್‌ಮನೆಯ ಅಜ್ಜಿಯೇ ಇರಬಹುದು. ಕಾಫಿ ಕುಯ್ಲಿನ ದಿನಗಳಲ್ಲಿ ಅವರಿಗೆ ಬಿಡುವಿರುವುದಿಲ್ಲವಾದ್ದರಿಂದ ತರಗತಿಗಳು ಮಳೆಗಾಲಕ್ಕೆ ಬೀಳಬೇಕು. ಕೂಲಿ ತಪ್ಪಿದ ದಿನಕ್ಕೆ ಸಂಪನ್ಮೂಲ ವ್ಯಕ್ತಿಗೆ ಸಲ್ಲುವಷ್ಟೇ ಗೌರವಧನ ಸಲ್ಲಬೇಕು. ಹಾಜರಿ ಪುಸ್ತಕದಲ್ಲಿ ಅವರ ಹೆಸರು ಬೋಧಕರ ಕಾಲಂನಲ್ಲಿ, ಮೇಷ್ಟರ ಹೆಸರು ವಿದ್ಯಾರ್ಥಿಗಳ ಕಾಲಂನಲ್ಲಿ ಇರಬೇಕು.