ಅಭಯದ ಬೆಲೆ

ಶ್ರವಣಬೆಳಗೊಳದಲ್ಲಿರುವ ಕ್ರಿ.ಶ. 1368ರ ಬುಕ್ಕರಾಯನ ಶಾಸನವನ್ನು ನಾವು ಮತಸಾಮರಸ್ಯದ ಸಾಕ್ಷಿಯೆಂದು ಸ್ಮರಿಸುತ್ತೇವೆ. ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿರಿಸಿ, ಉಭಯ ದರ್ಶನಗಳಿಗೂ ಭೇದವಿಲ್ಲವೆಂದು ಅರಸನು ಸಾರಿದನು. ಪಂಚಮಹಾವಾದ್ಯ, ಕಲಶಗಳ ಹಕ್ಕನ್ನು ಜೈನರಿಗೆ ಉಳಿಸಿಕೊಟ್ಟನು.

ಆದರೆ ಶಾಸನದ ಮುಂದಿನ ಭಾಗವೂ ವಿಚಾರಾರ್ಹ. ಬೆಳಗೊಳದ ದೇವರ ಅಂಗರಕ್ಷಣೆಗೆ ಶ್ರೀವೈಷ್ಣವರು ನೇಮಿಸುವ 20 ಆಳುಗಳಿಗಾಗಿ, ಜೀರ್ಣ ಜಿನಾಲಯಗಳ ಸುಣ್ಣಕ್ಕಾಗಿ, ವರ್ಷಕ್ಕೆ ಮನೆಗೊಂದು ಹಣ ತೆರಬೇಕಾದವರು ಜೈನರೇ. ಅರಸನ ನ್ಯಾಯಬುದ್ಧಿ ಇದರಿಂದ ಕುಂದದು. ಆದರೆ ಪ್ರಬಲರು ಕೊಡುವ ರಕ್ಷಣೆಯ ವೆಚ್ಚ ದುರ್ಬಲರ ಖಾತೆಗೇ ಬರುವುದೆಂಬ ಸತ್ಯವನ್ನು ಇತಿಹಾಸವು ಮರೆಮಾಚಬಾರದು.

ಆಹಾರ, ಔಷಧ, ಶಾಸ್ತ್ರಗಳೊಡನೆ ಅಭಯವನ್ನೂ ನಮ್ಮ ಆಚಾರ್ಯರು ದಾನವೆಂದೇ ಎಣಿಸಿದರು. ಪ್ರತಿಫಲ ಬಯಸಿದ ದಾನ ವ್ಯಾಪಾರವೆಂಬುದನ್ನು ವ್ಯಾಪಾರಿಗಳಾದ ನಾವು ಚೆನ್ನಾಗಿ ಬಲ್ಲೆವು. ನಮ್ಮ ಅಂಗಡಿ, ಬಸದಿ, ಟ್ರಸ್ಟುಗಳ ಆಶ್ರಯದಲ್ಲಿ ಬಾಳುವವರಿಗೆ ನಾವು ನೀಡುತ್ತಿರುವುದು ಇವೆರಡರಲ್ಲಿ ಯಾವುದು?