ಪುದೀನದ ಕುಡಿ

ಮೊರಾಕ್ಕೊ ದೇಶದ ಫೆಸ್ ಪಟ್ಟಣ. ಒಂದು ಚರ್ಮದ ಅಂಗಡಿಯ ಮೆಟ್ಟಿಲು ಹತ್ತುವಾಗ ಬಾಗಿಲಲ್ಲಿ ನಿಂತ ಹುಡುಗ ನಮ್ಮ ಕೈಗೆ ಒಂದೊಂದು ಪುದೀನದ ಕುಡಿ ಕೊಟ್ಟ. ಅಲ್ಲಿ ಚಹಾಕ್ಕೂ ಪುದೀನ ಹಾಕುತ್ತಾರಲ್ಲ, ಇದೂ ಅಂಥದೇ ಉಪಚಾರ ಇರಬೇಕು ಅಂದುಕೊಂಡೆ. "ಮೂಗಿಗೆ ಹಿಡ್ಕೊಳ್ಳಿ ಸರ್, ಮೇಲೆ ಹೋದ ಮೇಲೆ ಗೊತ್ತಾಗ್ತದೆ" ಎಂದರು ನಮ್ಮ ಗೈಡ್.

ಅದು 2018ರ ಚಳಿಗಾಲ. ನಾನು ನಿವೃತ್ತನಾದ ಮೇಲೆ ಮಗಳು ನಮ್ಮಿಬ್ಬರನ್ನು ಹೊರಡಿಸಿದ ಪ್ರವಾಸ. ಬೆಳಿಗ್ಗೆ ಬಾಬ್ ಬೂಜ್ಲೂದ್ ಎಂಬ ಹೆಬ್ಬಾಗಿಲಿನಿಂದ ನಡಿಗೆ ಶುರುವಾಗಿತ್ತು. ಹೊರಗಿನಿಂದ ನೀಲಿ, ಒಳಗಿನಿಂದ ಹಸಿರು ಬಣ್ಣದ ಬಾಗಿಲು. ಸಾವಿರ ವರ್ಷ ಹಳೆಯದೇ ಇರಬೇಕೆಂದು ನಾನು ಬೆರಗಾಗಿ ನಿಂತಿದ್ದರೆ, ಗೈಡ್ ನಕ್ಕು, "ಇದು 1913ರದ್ದು ಸರ್, ಹಳೆಯದೆಲ್ಲ ಒಳಗಿದೆ" ಎಂದರು.

ಮದೀನಾ ಎಂದರೆ ಅರಬ್ಬಿಯಲ್ಲಿ ಪಟ್ಟಣ. ಮೊರಾಕ್ಕೊದಲ್ಲಿ ಕೋಟೆಗೋಡೆಯೊಳಗಿನ ಹಳೇ ಪೇಟೆಗೆ ಆ ಹೆಸರು. ಫೆಸ್‌ನ ಮದೀನಾವನ್ನು 1981ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಳಗೆ ಕಾರಿಲ್ಲ, ರಿಕ್ಷಾ ಇಲ್ಲ. ಸಿಮೆಂಟು, ಸಿಲಿಂಡರು, ಸೋಫಾ ಎಲ್ಲವೂ ಕತ್ತೆಯ ಮೇಲೆ ಇಲ್ಲವೇ ಕೈಗಾಡಿಯಲ್ಲಿ. ಹಿಂದಿನಿಂದ ಯಾರೋ "ಬಾಲಕ್, ಬಾಲಕ್" ಎಂದು ಕೂಗಿದರು. ಈ ವಯಸ್ಸಿನಲ್ಲಿ ನನ್ನನ್ನು ಬಾಲಕ ಎನ್ನುವವರು ಯಾರಪ್ಪಾ ಎಂದು ತಿರುಗುವಷ್ಟರಲ್ಲಿ ಹೇಸರಗತ್ತೆಯೊಂದು ನನ್ನನ್ನು ಗೋಡೆಗೆ ಒತ್ತಿಕೊಂಡೇ ಹೋಯಿತು. ದಾರಿ ಬಿಡಿ ಎಂದು ಅದರರ್ಥ. ನಮ್ಮ ದಾದರ್ ಸ್ಟೇಷನ್ನಿನ ಹಮಾಲರ "ಬಾಜೂ, ಬಾಜೂ" ನೆನಪಾಯಿತು.

ಅಲ್ಲಿನ ಮನೆಗಳು ಹೊರಗಿನವರಿಗೆ ಏನನ್ನೂ ತೋರಿಸುವುದಿಲ್ಲ. ಬೀದಿಗೆ ಬರೀ ಬೋಳು ಗೋಡೆ. ಬಾಗಿಲು ತೆರೆದರೂ ಒಳದಾರಿ ತಿರುಗಿಕೊಂಡು ಹೋಗುವುದರಿಂದ ಅಂಗಳ ಕಣ್ಣಿಗೆ ಬೀಳದು. ಅಲ್-ಕರವಿಯ್ಯೀನ್ ಮಸೀದಿಗೆ ಬಂದಾಗಲೂ ಅಷ್ಟೇ. ಮುಸ್ಲಿಮರಲ್ಲದವರು ಹೊಸ್ತಿಲಲ್ಲೇ ನಿಂತು ನೋಡಬೇಕು. ಟ್ಯುನೀಷಿಯಾದ ಕೈರವಾನ್ ಊರಿನಿಂದ ವಲಸೆ ಬಂದ ಮನೆತನದ ಫಾತಿಮಾ ಅಲ್-ಫಿಹ್ರಿ ಎಂಬ ಹೆಣ್ಣುಮಗಳು 859ರಲ್ಲಿ ಕಟ್ಟಿಸಿದ್ದೆಂಬುದು ಪ್ರತೀತಿ. ಬಿಟ್ಟು ಬಂದ ಊರಿನ ಹೆಸರೇ ಮಸೀದಿಗೆ ಉಳಿಯಿತು. ಹೊಳೆಯ ಆಚೆ ದಡಕ್ಕೆ ಸ್ಪೇನಿನ ಕೊರ್ಡೊಬಾದಿಂದ ಓಡಿಬಂದ ನಿರಾಶ್ರಿತರಿಂದ ಅಂದಲೂಸ್ ಎಂಬ ಹೆಸರು. ಪರಸ್ಥಳದವರೇ ಕಟ್ಟಿದ ಊರು ಎಂದು ಕೇಳಿ ನಾನು, ಮುಂಬಯಿಯವ, ಸ್ವಲ್ಪ ಉಬ್ಬಿಯೇ ಹೋದೆ.

ಆಮೇಲೆ ಆ ಮೆಟ್ಟಿಲು. ಮೇಲಿನ ಜಗಲಿಯಿಂದ ಕೆಳಗೆ ನೋಡಿದರೆ ಚೌವಾರಾ ಎಂಬ ಚರ್ಮ ಹದಮಾಡುವ ಜಾಗ. ಜೇನುಗೂಡಿನಂತೆ ಒತ್ತೊತ್ತಾಗಿ ಕಲ್ಲಿನ ತೊಟ್ಟಿಗಳು. ಬಿಳಿಯವುಗಳಲ್ಲಿ ಸುಣ್ಣ, ಪಾರಿವಾಳದ ಹಿಕ್ಕೆ. ಉಳಿದವುಗಳಲ್ಲಿ ಕೆಂಪು, ಹಳದಿ, ಕಂದು ಬಣ್ಣ. ಗಂಡಸರು ತೊಡೆಮಟ್ಟ ಇಳಿದು ಚರ್ಮ ತುಳಿಯುತ್ತಿದ್ದರು. ನಾತ ಹೊಟ್ಟೆಯೊಳಗಿನಿಂದ ತಿರುಚಿದಂತೆ ಏಳುತ್ತಿತ್ತು. ನಾವು ಹತ್ತಿಪ್ಪತ್ತು ಜನ, ಒಂದು ಕೈಯಲ್ಲಿ ಪುದೀನ, ಇನ್ನೊಂದರಲ್ಲಿ ಮೊಬೈಲು. ಕೆಳಗಿನವರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ.

ದೇವರ ಮನೆಗೆ ಹೊಸ್ತಿಲಿದೆ, ಸಂಸಾರಕ್ಕೆ ಗೋಡೆಯಿದೆ; ದುಡಿಯುವವನನ್ನು ಮಾತ್ರ ಹೇಳದೆ ಕೇಳದೆ ಯಾರೂ ನೋಡಬಹುದು. ಇದು ಸರಿಯೇ? ಗೈಡನ್ನು ಕೇಳಿಯೇಬಿಟ್ಟೆ.

"ನಮ್ಮ ತಂದೆ ಇದೇ ತೊಟ್ಟಿಯಲ್ಲಿ ಇದ್ದವರು" ಎಂದರು. ಫ್ರೆಂಚರು 1912ರಲ್ಲಿ ಬಂದ ಮೇಲೆ ಕೋಟೆಯ ಹೊರಗೆ ಹೊಸ ಊರು ಕಟ್ಟಿಕೊಂಡರು. ಬರಬರುತ್ತಾ ಇಲ್ಲಿನ ಸಿರಿವಂತರು ಅಲ್ಲಿಗೋ ಕಾಸಾಬ್ಲಾಂಕಾಕ್ಕೋ ಹೋದರು, ಅವರ ಮನೆಗಳಿಗೆ ಹಳ್ಳಿಯವರು ಬಂದು ಸೇರಿದರು. ಹಾಗೆ ಬಂದವರಲ್ಲಿ ಅವರ ತಂದೆಯೂ ಒಬ್ಬರು. "ಅಮ್ಮ ಅಪ್ಪನ ಬಟ್ಟೆ ಬೇರೆಯೇ ಒಗೆಯುತ್ತಿದ್ದಳು. ನಾನು ನಾಲ್ಕು ಭಾಷೆ ಕಲಿತೆ, ಈ ಜಗಲಿಯ ಮೇಲೆ ನಿಲ್ಲಲಿಕ್ಕೆ. ನೀವು ಬಂದರೆ ಚೀಲ ಮಾರಾಟ, ಮಾರಾಟ ಇದ್ದರೆ ಅವರಿಗೆ ಕೂಲಿ. ಬರಬೇಡಿ ಎಂದು ಹೇಗೆ ಹೇಳಲಿ ಸರ್?"

ನನಗೆ ಮಾತು ಹೊರಡಲಿಲ್ಲ. ಬೇರೆ ಬಟ್ಟೆ ನಮ್ಮ ಮನೆಯಲ್ಲೂ ಇತ್ತು. ನನ್ನ ಅಪ್ಪ ಹನ್ನೆರಡರ ಪ್ರಾಯದಲ್ಲಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು, ಹಗಲು ಮಾತುಂಗಾದ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಕಲಿತವರು. ಕೊನೆಗೆ ದೋಸೆಯ ಕಾವಲಿಗೆ ಬಂದರು. ಅವರ ಅಂಗಿಗೆ ಹೊಗೆ, ಕರಿದ ಎಣ್ಣೆ, ಬೆವರಿನ ವಾಸನೆ. ಕಾಲೇಜಿನ ಗೆಳೆಯರ ಜೊತೆ ಒಮ್ಮೆ ಅದೇ ಹೋಟೆಲಿಗೆ ಹೋಗಿದ್ದೆ. ಅಡುಗೆಮನೆಯ ಕಿಂಡಿಯಿಂದ ಅಪ್ಪ ನನ್ನನ್ನು ನೋಡಿದರು. ನಾನು ಮೆನು ನೋಡಿದೆ. ಮನೆಯಲ್ಲಿ ಆ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹಾಗಾದರೆ ನೋಡುವುದು ತಪ್ಪೋ, ನೋಡದಿರುವುದು ತಪ್ಪೋ? ಚರ್ಮದ ಕೆಲಸ ಧಾರಾವಿಯಲ್ಲೂ ಇದೆ. ಅಲ್ಲಿಗೂ ಪರದೇಶದವರು ಗೈಡ್ ಕಟ್ಟಿಕೊಂಡು ಬರುತ್ತಾರೆ, ಅದನ್ನು ಕಂಡು ನಾವು ಸಿಡಿಮಿಡಿಗೊಳ್ಳುತ್ತೇವೆ. ಆದರೆ ಪಕ್ಕದಲ್ಲೇ ಆಯುಷ್ಯ ಕಳೆದ ನಾನು ಅಲ್ಲಿ ಒಂದು ದಿನವೂ ಕಾಲಿಟ್ಟವನಲ್ಲ. ಕಾಣದಂತೆ ಇದ್ದುಬಿಡುವುದು ಮರ್ಯಾದೆ ಅಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಅದೂ ಒಂದು ಬಗೆಯ ಪುದೀನವೇ. ನೋಡುವುದರಲ್ಲಿ ಪಾಪವಿಲ್ಲ. ಆದರೆ ನೋಡಿದವನಿಗೆ ಸ್ವಲ್ಪ ಸಾಲ ಹತ್ತಿಕೊಳ್ಳುತ್ತದೆ. ಜಗಲಿಯಿಂದ ಇಳಿದ ಮೇಲೆ ಅದು ತೀರಿತೆಂದು ಭಾವಿಸುವುದೇ ತಪ್ಪು.

ಇಷ್ಟೆಲ್ಲ ಯೋಚಿಸಿದವನು ಕೆಳಗಿನ ಅಂಗಡಿಯಲ್ಲಿ ಏನು ಮಾಡಿದೆ ಅಂತೀರಿ? ಹಳದಿ ಚಪ್ಪಲಿಯೊಂದು ಜೊತೆಗೆ ಚೌಕಾಸಿ ಮಾಡಿ, ಹೇಳಿದ್ದರ ಅರ್ಧಕ್ಕೆ ಇಳಿಸಿ ತಂದೆ. ಹೆಂಡತಿ ಮೆಚ್ಚಿಕೊಂಡಳು.

ಮುಂಬಯಿಯ ಮಳೆಗಾಲದಲ್ಲಿ ಆ ಚಪ್ಪಲಿ ಈಗಲೂ ನಾರುತ್ತದೆ. ಬಿಸಾಡಿ ಎನ್ನುತ್ತಾಳೆ ಅವಳು. ಇರಲಿ ಬಿಡು ಎಂದು ಬಾಗಿಲ ಬಳಿಯೇ ಇಟ್ಟಿದ್ದೇನೆ.